ಮೇವಿನ ಬಕೆಟ್ಟಿನ ಸದ್ದು

ಮಹೇಶ,

ಕಳಿಸೋದಿಲ್ಲ ಅಂತ ಗೊತ್ತಿದ್ದೇ ಬರೀತಿದೀನಿ. ಇವತ್ತು ನಾರ್ತ್ ಕ್ರೀಕ್‌ನಲ್ಲಿ, ನಮ್ಮ ಆಫೀಸಿನ ಹಿಂದಿನ ಕೊಳದ ಹತ್ತಿರ ಲಂಚಿಗೆ ಕೂತಿದ್ದೆ. ನೀರಲ್ಲಿ ಒಂದು ಬೂದು ಕೊಕ್ಕರೆ ನಿಂತಿತ್ತು. ಯೋಚನೆಯೇ ಮಾಡದೆ ಚಮಚದಿಂದ ಡಬ್ಬಿ ಬಡಿದುಬಿಟ್ಟೆ. ನಾವು ಸಂಸಾರ ಹೂಡಿದ್ದ ಜಾಂಬಿಯಾದ ಮೀನು ಫಾರ್ಮಿನಲ್ಲಿ ನೀನು ಮೇವಿನ ಬಕೆಟ್ ಬಡೀತಿದ್ದೆಯಲ್ಲ, ಹಾಗೇ. ಕೊಕ್ಕರೆ ಹಾರಿಹೋಯ್ತು. ಕಲೀಗ್ ಜಾಹ್ನವಿ, "ಅದೇನು ನಿಮ್ಮನೆ ಕೋಳೀನಾ, ಕರೆದ ತಕ್ಷಣ ಬರೋಕೆ?" ಅಂತ ನಕ್ಕಳು.

ಅಲ್ಲಿ ಬರ್ತಿದ್ವು ಅಂತ ಇವಳಿಗೆ ಹೇಗೆ ಹೇಳಲಿ? ನೀನು ಬಡಿದರೆ ಮೀನೆಲ್ಲ ದಡಕ್ಕೆ ನುಗ್ತಿದ್ವು. ಹಿಂದೆಯೇ ನೀರುನಾಯಿ ಬಂದು ನಿನ್ನ ಬೂಟಿನ ಮೇಲೆ ಕೂತ್ಕೋತಿತ್ತು. ನಾನು 'ಚಕ್ರಪಾಣಿ ಮಾವ' ಅಂತ ಹೆಸರಿಟ್ಟಿದ್ದ ಆ ಬೋಳುತಲೆ ಕೊಕ್ಕರೆ, ಥೇಟ್ ಮಾವನ ಹಾಗೆ, ಕೈ ಹಿಂದೆ ಕಟ್ಟಿಕೊಂಡವರಂತೆ ನಡೆದು ಬರ್ತಿತ್ತು. ಮೀನು ಬೇಯಿಸಿದ ಪಾತ್ರೆಯನ್ನೂ ಮುಟ್ಟದ ನಾನು ಅದಕ್ಕೆ ಕೈಯಾರೆ ಹಸಿಮೀನು ತಿನ್ನಿಸ್ತಿದ್ದೆ.

ನಿನ್ನನ್ನು ಬಿಟ್ಟು ನಾನು ಹೊರಟ ದಿನ ಜೀಪು ಗೇಟು ದಾಟುವಾಗಲೂ ಬಕೆಟ್ಟಿನ ಸದ್ದು ಕೇಳಿಸ್ತು. ನೀನು ಆಗಲೇ ಕೆಲಸಕ್ಕೆ ನಿಂತೆ ಅಂದುಕೊಂಡು ತಿರುಗಿ ನೋಡಲಿಲ್ಲ.

ಇವತ್ತು ಆ ಖಾಲಿ ಕೊಳದ ಮುಂದೆ ನೆನಪಾಯ್ತು. ಆವತ್ತು ಬೆಳಿಗ್ಗೆಯೇ ಮೀನಿಗೆಲ್ಲ ಮೇವು ಹಾಕಿಯಾಗಿತ್ತು. ಹಾಕಿದವಳು ನಾನೇ.