ನನ್ನದು ಮುಗಿದ ಮೇಲೆ ನಿನ್ನದು

ದೋಣಿಗಲ್
10 ನವೆಂಬರ್ 2008

ಪ್ರತಾಪ,

ನಮ್ಮ ಹೋಂಸ್ಟೇ ವೆಬ್‌ಸೈಟಿಗೆಂದು ಒಂದು ವಿಡಿಯೊ ಮಾಡಿಸಿದ್ದೇನೆ. ಅದನ್ನು ಎಲ್ಲಿ ಹಾಕುವುದೆಂದು ವೆಬ್‌ಸೈಟ್ ಮಾಡುವ ವಸಂತ ಕೇಳಿದ. "ಅಕ್ಕಾ, ಫ್ರೀಯಾಗಿ ಹಾಕೋ ಕಡೆ ಒಂದು ತೊಂದ್ರೆ ಐತೆ. ನಿಮ್ದು ಮುಗಿದ್ಮೇಲೆ ಅಂಥದ್ದೇ ಬೇರೆಯವರ ವಿಡಿಯೊನೂ ತೋರಿಸ್ತಾರೆ. ಕಾಸು ಕೊಟ್ರೆ ನಿಮ್ದೊಂದೇ ಕಣ್ರೀ" ಎಂದ.

ಪುಕ್ಕಟೆಯದರಲ್ಲೇ ಮೊದಲು ಹಾಕಿ ನೋಡಿದೆವು. ನನ್ನದು ಮುಗಿದ ಕೂಡಲೇ ಬಂದಿದ್ದು ಯಸಳೂರಿನ ನಿನ್ನ ಹೋಂಸ್ಟೇ! ನಾನು ಇಲ್ಲಿ ಹೋಂಸ್ಟೇ ತೆರೆದಾಗ "ನನ್ನ ಗಿರಾಕಿಗಳನ್ನ ಎಳ್ಕೊಂಡ್ಬುಟ್ಟೆ, ಇನ್ನು ಈ ಕಡೆ ಕಾಲಿಡ್ಬೇಡ" ಎಂದವನು ನೀನು. ಎರಡು ವರ್ಷದಿಂದ ನಾನೂ ಇಟ್ಟಿಲ್ಲ. ನನ್ನ ವಿಡಿಯೊ ನೋಡಲು ಬಂದವರಿಗೆ ನಿನ್ನ ಮನೆ ತೋರಿಸಲೇ? ಕಾಸು ಕೊಟ್ಟೇ ಹಾಕು ಎಂದು ವಸಂತನಿಗೆ ಹೇಳಿಯೂಬಿಟ್ಟೆ.

ಅಷ್ಟರಲ್ಲಿ ನಿನ್ನ ವಿಡಿಯೊದಲ್ಲಿ ಅಮ್ಮ ಕಾಣಿಸಿದಳು. ಒಂದೇ ಕೈಯಲ್ಲಿ ಕಡುಬು ಕಟ್ಟುತ್ತಿದ್ದಳು. ನಾಲ್ಕು ಸಲ ಹಾಕಿಸಿ ನೋಡಿದೆ, ಎಡಗೈ ಸೆರಗಿನಿಂದ ಹೊರಗೆ ಬರಲೇ ಇಲ್ಲ.

ಪುಕ್ಕಟೆಯದೇ ಇರಲಿ ಎಂದಿದ್ದೇನೆ. ನಿನ್ನ ಮೇಲಿನ ಕನಿಕರಕ್ಕಲ್ಲ. ಎರಡನ್ನೂ ನೋಡಿದವರು ನನ್ನಲ್ಲಿಗೇ ಬರುತ್ತಾರೆ, ಆ ಧೈರ್ಯ ನನಗಿದೆ. ಅಮ್ಮ ಇರುವ ಭಾಗವನ್ನು ಮಾತ್ರ ಕತ್ತರಿಸಬೇಡ.

ಭಾನುವಾರ ಬೆಳಗಿನ ಬಸ್ಸಿಗೆ ಬರುತ್ತೇನೆ. ಅವತ್ತಿನ ಕಡುಬು ನಾನೇ ಕಟ್ಟುತ್ತೇನೆ. ಗೇಟಿನ ಹತ್ತಿರದ ನಾಯಿಯನ್ನು ಕಟ್ಟಿಹಾಕಿರು. ಅದಕ್ಕೆ ನನ್ನ ಗುರುತು ಮರೆತಿರಬಹುದು.

ನಿನ್ನ ಅಕ್ಕ,
ಹೇಮಶ್ರೀ