ನಗಿಸಿದ ಬಾಣಂತಿ

ಗುರುವಾರ, ಹನ್ನೊಂದನೇ ತಾರೀಖು.

ಹೊಲಿಗೆ ತೋರಿಸಲು ಆಸ್ಪತ್ರೆಗೆ ಹೋದರೆ, ಹೆರಿಗೆಯ ದಿನದ ನರ್ಸಮ್ಮನೇ ಎದುರಾಗಬೇಕೆ! "ಅಯ್ಯೋ, ಅವತ್ತು ನಮ್ಮನ್ನೆಲ್ಲ ನಗಿಸಿ ನಗಿಸಿ ಸುಸ್ತು ಮಾಡಿದವರು ನೀವೇ ಅಲ್ವಾ?"

ಹೌದು, ಆ ಘನತೆವೆತ್ತ ವಿದೂಷಕಿ ನಾನೇ. ಹೆದರಿಕೆಯಾದಾಗ ಒಂದು ಅಂಕಣಕ್ಕಾಗುವಷ್ಟು ಜೋಕು ಹೊಡೆಯುವುದು ನನ್ನ ರೋಗ. ಅವತ್ತು ಆ ಜೋಕುಗಳ ನಡುವೆ, "ಸಿಸ್ಟರ್, ಮಗು ಅಲ್ಲಾಡ್ತಾ ಇಲ್ಲ" ಅಂದೆ. ಅದನ್ನೂ ಜೋಕೆಂದುಕೊಂಡರು. "ನಿಮ್ಮ ಮಾತು ಕೇಳಿ ಕೇಳಿ ನಿದ್ದೆ ಹೋಗಿರ್ಬೇಕು ಬಿಡಿ" ಎಂದು ನಕ್ಕು, ಡ್ಯೂಟಿ ಮುಗಿಸಿ ಹೊರಟರು. ಮುಂದಿನವರು ಬಂದು ನೋಡುವಷ್ಟರಲ್ಲಿ ಮಗುವಿನ ಎದೆಬಡಿತ ನಿಂತಿತ್ತು.

"ಪಾಪು ಹೇಗಿದೆ?" ಎಂದು ಕೇಳಿದರು ಇವತ್ತು.

"ಗಲಾಟೆಯೇ ಇಲ್ಲ ಸಿಸ್ಟರ್" ಅಂದೆ. ನಕ್ಕರು.

ನಿಜ ಹೇಳಬೇಕೆಂದೇ ಬಾಯಿ ತೆರೆದಿದ್ದೆ. ಆದರೆ ನನ್ನ ಮಗು ಬದುಕಿದೆ ಎಂದುಕೊಂಡಿರುವವರು ಈ ಲೋಕದಲ್ಲಿ ಅವರೊಬ್ಬರೇ. ಅವರಿಗೂ ಹೇಳಿಬಿಟ್ಟರೆ…