ಉದ್ದಣ್ಣನ ಗಂಟು

ರೂಮಿಗೆ ಬಂದು, ಬಾಗಿಲು ಹಾಕ್ಕೊಂಡು ಇದನ್ನ ಬರೀತಿದೀನಿ. ಇವತ್ತು ಹನ್ನೊಂದನೇ ತಾರೀಖು, ಮಂಗಳವಾರ. ಇದನ್ನ ಯಾರಿಗೂ ಕಳಿಸಲ್ಲ, ನನ್ನ ಫೋನಲ್ಲೇ ಇರ್ಲಿ.

ಹಗ್ಗದಲ್ಲಿ ನೇತಾಡ್ಕೊಂಡು ಹತ್ತೊಂಬತ್ತು ಮಹಡಿ ಗಾಜು ಒರೆಸೋ ಕೆಲ್ಸ. ಇಷ್ಟು ದೂರ ಬಂದಿದೀನಿ, ಏನಾದ್ರೂ ಹೊಸದು ಮಾಡೋಣ ಅಂತ ನಾನೇ ಕೇಳಿ ಸೇರ್ಕೊಂಡೆ. ಇಲ್ಲಿ ಜೊತೆಗಾರ ನಮ್ಮ ಹಗ್ಗದ ಗಂಟು ನೋಡಿ, ಭುಜ ತಟ್ಟಿ, "ಸರಿ ಇದೆ" ಅಂದ್ಮೇಲೇ ಇಳಿಯೋದು. ಗಂಟು ನೋಡೋದನ್ನ ಕಲಿಸಿದ ದಿನ, ಕಲಿಸೋಕೆ ಬಂದೋರ ಭಾಷೆ ಅರ್ಥ ಆಗ್ದೆ ಸುಮ್ನೆ ತಲೆ ಆಡಿಸಿದ್ದೆ.

ಇವತ್ತು ನನ್ನ ಜೊತೆಗಾರ ಉದ್ದಣ್ಣನ ಗಂಟು ನೋಡ್ಬೇಕಾಯ್ತು. ಇಬ್ಬರು ಮಕ್ಕಳ ತಂದೆ ಅವನು. ಎಷ್ಟು ನೋಡಿದ್ರೂ ತಲೆಬುಡ ಗೊತ್ತಾಗ್ಲಿಲ್ಲ.

"ಏನೋ, ಗಂಟು ನೋಡ್ತಿದೀಯೋ, ಜಾತಕ ನೋಡ್ತಿದೀಯೋ?" ಅಂದ.

ಸುತ್ತ ಇದ್ದ ಕೆಲಸದೋರೆಲ್ಲ ನಕ್ಕರು. ನಾಚಿಕೆಗೆ ಭುಜ ತಟ್ಟಿ, "ಸರಿ ಇದೆ ಅಣ್ಣ" ಅಂದ್ಬಿಟ್ಟೆ. ಅವನು ಹಿಂದೆಮುಂದೆ ನೋಡ್ದೆ ಅಂಚು ದಾಟಿ ಇಳಿದ. ಅವನ ಕಾಲು ನೆಲ ಮುಟ್ಟೋವರೆಗೂ ಅಂಚಲ್ಲೇ ನಿಂತು ಆ ಹಗ್ಗಾನೇ ನೋಡ್ತಿದ್ದೆ. ನಾನೇ ಮೊದಲ ಸಲ ಇಳಿದಾಗ್ಲೂ ಇಷ್ಟು ಹೆದರಿರ್ಲಿಲ್ಲ, ದೇವರಾಣೆ.

ನಾಳೆ ಆರಕ್ಕೆ ಮತ್ತೆ ನಮ್ಮದೇ ಜೋಡಿ. ಈಗ ಮೇಸ್ತ್ರಿಗೆ ಫೋನ್ ಮಾಡಿ, "ಅಣ್ಣ, ನಂಗೆ ಗಂಟು..." ಅಂದೆ ಅಷ್ಟೇ.

"ನಿದ್ದೆ ಕೆಡಿಸ್ಬೇಡ ಕಣೋ, ಬೆಳಿಗ್ಗೆ ಮಾಡು" ಅಂತ ಇಟ್ಬಿಟ್ಟ.

ಕೆಲ್ಸ ಹೋದ್ರೆ ಹೋಗ್ಲಿ. ಬೈದ್ರೆ ಬೈಸ್ಕೊತೀನಿ. ಉದ್ದಣ್ಣ ಹಗ್ಗ ಮುಟ್ಟೋಕೆ ಮುಂಚೆ, ಐದೂಕಾಲಿಗೆ ಮೇಸ್ತ್ರಿಗೆ ಮತ್ತೆ ಫೋನ್ ಮಾಡಿ, ನಂಗೆ ಗಂಟು ನೋಡೋಕೆ ಬರಲ್ಲ ಅಂತ ಹೇಳ್ತೀನಿ.